ಬೈಗುಳ, ಬಾಡಿಗೆ ಮನೆ, ಕೊರಗ ಕಾಲನಿಯ ನಳ್ಳಿ: ಪಂಚಾಯತ್ ಕೈಯಲ್ಲಿ ಏನಿದೆ?

ಪ್ರಶ್ನೆ: ಉಡುಪಿ ತಾಲೂಕಿನ ಗ್ರಾಮ ಪಂಚಾಯತ್ ಒಂದಕ್ಕೆ ನಾನು ಉಪಾಧ್ಯಕ್ಷೆ. ನಮ್ಮಲ್ಲಿ ಕೊರಗ ಬುಡಕಟ್ಟಿನವರ ಒಂದು ಕಾಲನಿ ಇದೆ. ಬೋಟಿನ ಕೆಲಸ, ಕಟ್ಟಡ ಕೆಲಸಕ್ಕೆ ಬಂದ ಒಡಿಶಾ, ಜಾರ್ಖಂಡ್, ಕೊಪ್ಪಳ ಕಡೆಯವರು ಬಾಡಿಗೆಗಿದ್ದಾರೆ. ಮಣಿಪಾಲದಲ್ಲಿ ಓದುವ ಈಶಾನ್ಯ ರಾಜ್ಯಗಳ ಮತ್ತು ಆಫ್ರಿಕಾದ ಕೆಲವು ವಿದ್ಯಾರ್ಥಿಗಳೂ ಇದ್ದಾರೆ. ಕಾಲನಿಗೆ ನೀರು ಎರಡು ದಿನಕ್ಕೊಮ್ಮೆ, ಪೇಟೆಗೆ ದಿನಾ. ನವರಾತ್ರಿಯಲ್ಲಿ ಮೈಗೆ ಮಸಿ ಬಳಿದು ‘ಕೊರಗ ವೇಷ’ ಹಾಕುವವರು ಇನ್ನೂ ಇದ್ದಾರೆ. ಆಫ್ರಿಕಾದ ಹುಡುಗರಿಗೆ ಯಾರೂ ಮನೆ ಕೊಡುವುದಿಲ್ಲ, ಮಣಿಪುರದ ಹುಡುಗಿಯರನ್ನು ಅಂಗಡಿ ಬದಿಯಲ್ಲಿ ಗೇಲಿ ಮಾಡುತ್ತಾರೆ. ಕಳೆದ ತಿಂಗಳು ಮೊಬೈಲ್ ಕದ್ದನೆಂದು ಒಬ್ಬ ಕಾರ್ಮಿಕನನ್ನು ಹತ್ತಾರು ಜನ ಸುತ್ತುಗಟ್ಟಿದ್ದರು. ಸಭೆಯಲ್ಲಿ ಎತ್ತಿದರೆ ‘ಅದು ಪೊಲೀಸರ ಕೆಲಸ’ ಎನ್ನುತ್ತಾರೆ. ಪಂಚಾಯತ್ ನಿಜವಾಗಿ ಏನು ಮಾಡಬಹುದು?

ಉತ್ತರ: ಕೇಸು ದಾಖಲಿಸುವುದು, ತನಿಖೆ ಮಾಡುವುದು ಪೊಲೀಸರ ಕೆಲಸ, ಅಷ್ಟರಮಟ್ಟಿಗೆ ಸಭೆಯಲ್ಲಿ ಹೇಳಿದ್ದು ಸರಿ. ಆದರೆ ಕಾಲನಿಯ ನೀರಿನ ವಾಲ್ವ್ ತಿರುಗಿಸುವವರು ಪೊಲೀಸರಲ್ಲ. ಸಮುದಾಯ ಭವನದ ಬುಕಿಂಗ್, ಅಂಗಡಿ ಕೋಣೆಯ ಹರಾಜು, ಬೀದಿದೀಪ, ಕಸದ ಗಾಡಿಯ ನೌಕರರ ನೇಮಕ ಯಾವುದೂ ಠಾಣೆಯಲ್ಲಿ ನಡೆಯುವುದಿಲ್ಲ. ಸಂವಿಧಾನದ 12ನೇ ವಿಧಿ ಸ್ಥಳೀಯ ಸಂಸ್ಥೆಗಳನ್ನೂ ‘ರಾಜ್ಯ’ ಎಂದೇ ಎಣಿಸುತ್ತದೆ. ಹಾಗಾಗಿ ಜನಾಂಗ, ಜಾತಿ, ಹುಟ್ಟಿದ ಸ್ಥಳದ ಕಾರಣಕ್ಕೆ ತಾರತಮ್ಯ ಮಾಡಬಾರದೆಂಬ 15ನೇ ವಿಧಿ ದಿಲ್ಲಿಗೆ ಅನ್ವಯಿಸುವಷ್ಟೇ ನಿಮ್ಮ ಪಂಚಾಯತ್‌ಗೂ ಅನ್ವಯಿಸುತ್ತದೆ.

ಇನ್ನೊಂದು ವಿಷಯವನ್ನು ನಿಮ್ಮ ಸಭೆ ಮರೆತಂತಿದೆ. 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯತ್‌ನಲ್ಲಿ ಸಾಮಾಜಿಕ ನ್ಯಾಯ ಸಮಿತಿ ಇರಬೇಕು, ಉಪಾಧ್ಯಕ್ಷರೇ ಅದರ ಅಧ್ಯಕ್ಷರು, ಅಂದರೆ ನೀವೇ. ಪರಿಶಿಷ್ಟರು ಮತ್ತು ಹಿಂದುಳಿದವರನ್ನು ಸಾಮಾಜಿಕ ಅನ್ಯಾಯದಿಂದ, ಎಲ್ಲ ಬಗೆಯ ಶೋಷಣೆಯಿಂದ ರಕ್ಷಿಸುವುದು ಅದಕ್ಕೆ ಕಾಯ್ದೆಯೇ ವಹಿಸಿದ ಕೆಲಸ. ಹೆಚ್ಚಿನ ಕಡೆ ಈ ಸಮಿತಿ ಇರುವುದು ನಡಾವಳಿ ಪುಸ್ತಕದಲ್ಲಿ ಮಾತ್ರ, ಸದಸ್ಯರ ಸಹಿಯ ಸಮೇತ. ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಸಮಿತಿಯ ವರದಿಗೆ ಒಂದು ಸಾಲು ಹಾಕಿಸಿ. ನಿಮ್ಮ ವಿಷಯ ಆಮೇಲೆ ‘ಇತರೆ ವಿಷಯ’ದಡಿ ತೂರಿಸಿಕೊಂಡು ಬರಬೇಕಾಗಿಲ್ಲ.

ಮೊದಲು ನೀರು. ಏಕೆಂದರೆ ಇದರಲ್ಲಿ ಯಾರನ್ನೂ ದೂರಬೇಕಿಲ್ಲ, ಪುರಾವೆಯೆಲ್ಲ ನಿಮ್ಮ ಕಚೇರಿಯಲ್ಲೇ ಇದೆ. ಒಂದು ಹಾಳೆಯಲ್ಲಿ ವಾರ್ಡ್‌ವಾರು ಹೀಗೆ ಬರೆಸಿ: ಮನೆಗಳು ಎಷ್ಟು, ನಳ್ಳಿ ಸಂಪರ್ಕ ಎಷ್ಟು, ವಾರಕ್ಕೆ ಎಷ್ಟು ದಿನ ನೀರು, ಪ್ರತಿ ಸಲ ಎಷ್ಟು ಹೊತ್ತು, ಉರಿಯುವ ಬೀದಿದೀಪ ಎಷ್ಟು, ಕಸದ ಗಾಡಿ ಯಾವ ದಿನ ಬರುತ್ತದೆ, ಕಾಂಕ್ರೀಟ್ ರಸ್ತೆ ಕೊನೆಯ ಮನೆಯ ತನಕ ಇದೆಯೇ. ಕಾಲನಿಗೆ ಪ್ರತ್ಯೇಕ ಸಾಲು ಇರಲಿ. ಅದನ್ನು ವಾರ್ಡಿನ ಲೆಕ್ಕದಲ್ಲಿ ಬೆರೆಸಿದರೆ ವ್ಯತ್ಯಾಸ ಕಾಣದೆ ಹೋಗುತ್ತದೆ. ನೀರಿನ ದಿನಗಳನ್ನು ಪಂಪು ನಡೆಸುವವರ ಬಾಯಿಮಾತಿನಿಂದ ಬರೆಯಬೇಡಿ, ಕಾಲನಿಯ ಇಬ್ಬರು ಹೆಂಗಸರು ಎರಡು ವಾರ ಕ್ಯಾಲೆಂಡರಿನಲ್ಲಿ ಗುರುತು ಹಾಕಲಿ. ಎರಡು ಲೆಕ್ಕಗಳೂ ಬೇರೆಯಾಗುವುದೇ ಹೆಚ್ಚು.

ಇಲ್ಲಿ ಎರಡು ಕಾರಣಗಳಿರಬಹುದು. ಒಂದು, ಕಾಲನಿ ಎತ್ತರದಲ್ಲಿದ್ದು ಪೈಪಿನ ಕೊನೆಯಲ್ಲಿದ್ದರೆ ಒತ್ತಡವೇ ಸಾಲದು. ಕರಾವಳಿಯಲ್ಲಿ ಕೊರಗ ಕಾಲನಿಗಳು ಊರಿನ ಅಂಚಿನಲ್ಲಿ, ಗುಡ್ಡದ ಬದಿಯಲ್ಲಿ ಇರುವುದಕ್ಕೆ ಹಿಂದಿನವರು ಅವರನ್ನು ಅಲ್ಲಿಗೇ ದೂಡಿದ್ದು ಕಾರಣ, ಆ ಮಾತು ಬೇರೆ. ಇದಕ್ಕೆ ಕಾಲನಿಗೆಂದೇ ಸಣ್ಣ ಟ್ಯಾಂಕು ಅಥವಾ ಪ್ರತ್ಯೇಕ ಲೈನು ಬೇಕು, ಅದನ್ನು ಕ್ರಿಯಾ ಯೋಜನೆಗೆ ಸೇರಿಸಿ. ಎರಡು, ಒತ್ತಡ ಸರಿಯಿದ್ದೂ ‘ಅವರು ಕೇಳುವುದಿಲ್ಲ’ ಎಂಬ ಧೈರ್ಯದಲ್ಲಿ ವಾಲ್ವ್ ಬೇಗ ಮುಚ್ಚುವುದು. ಇದಕ್ಕೆ ಹಣ ಬೇಡ. ವೇಳಾಪಟ್ಟಿಯನ್ನು ಕಾಲನಿಯ ಗೋಡೆಯಲ್ಲಿ ಬರೆಸಿ, ನೀರು ಬಾರದ ದಿನ ಕರೆ ಮಾಡಬೇಕಾದ ನಂಬರನ್ನೂ ಕೆಳಗೆ ಬರೆಸಿದರೆ ಸಾಕು. ಯಾವ ಕಾರಣವೆಂದು ತಿಳಿಯದೆ ನಿರ್ಣಯ ಮಾಡಿದರೆ ಎಂಜಿನಿಯರ್ ಬಂದು ‘ತಾಂತ್ರಿಕ ಸಮಸ್ಯೆ’ ಎಂದು ಬರೆದು ಹೋಗುತ್ತಾರೆ, ಕಡತ ಅಲ್ಲಿಗೆ ಮುಗಿಯುತ್ತದೆ.

2004ರಲ್ಲಿ ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಯೂರೋಪಿನ ನಗರಗಳು ಯುನೆಸ್ಕೋ ಬೆಂಬಲದಿಂದ ಜನಾಂಗಭೇದದ ವಿರುದ್ಧ ಒಕ್ಕೂಟ ಕಟ್ಟಿಕೊಂಡಾಗ ಹತ್ತು ಅಂಶಗಳ ಕಾರ್ಯಯೋಜನೆ ಒಪ್ಪಿಕೊಂಡವು. ನಗರಾಡಳಿತವೇ ಸಮಾನ ಅವಕಾಶದ ಉದ್ಯೋಗದಾತನಾಗಬೇಕು, ಸಮಾನ ಸೇವೆ ನೀಡಬೇಕು ಎಂಬ ಅಂಶ ಅದರಲ್ಲಿದೆ. ನಮ್ಮಲ್ಲಿ ಇದನ್ನು ಅಳೆಯಲು ಸುಲಭದ ದಾರಿ ಸಂಬಳದ ಪಟ್ಟಿ. ಕಸ ವಿಂಗಡಿಸುವ ಎಸ್‌ಎಲ್‌ಆರ್‌ಎಂ ಘಟಕದಲ್ಲಿ, ಚರಂಡಿ ಕೆಲಸದಲ್ಲಿ ಯಾರಿದ್ದಾರೆ. ಬಿಲ್ ಕಲೆಕ್ಟರ್, ಡಾಟಾ ಎಂಟ್ರಿ, ಗ್ರಂಥಾಲಯದಲ್ಲಿ ಯಾರಿದ್ದಾರೆ? ಮಂಗಳೂರಿನಲ್ಲಿ ಕೊರಗರು ತಲೆಮಾರುಗಳಿಂದ ನಗರದ ಪೊರಕೆ ಹಿಡಿದವರು. ಕಾಲನಿಯಲ್ಲಿ ಪಿಯುಸಿ, ಪದವಿ ಮುಗಿಸಿದವರು ಇದ್ದೂ ಪಂಚಾಯತ್ ಅವರನ್ನು ಕರೆಯುವುದು ಗುಡಿಸಲಿಕ್ಕೆ ಮಾತ್ರವೆಂದಾದರೆ ವೇದಿಕೆಯ ಭಾಷಣದಿಂದ ಏನೂ ಆಗದು. ಹುದ್ದೆ ಖಾಲಿಯಾದಾಗ ಸೂಚನೆಯನ್ನು ಕಚೇರಿಯ ಫಲಕಕ್ಕೆ ಮಾತ್ರ ಅಂಟಿಸದೆ ಕಾಲನಿಗೂ ತಲುಪಿಸಿ. ಕೌಂಟರಿನಲ್ಲಿ ಪೇಟೆಯವರಿಗೆ ತುಳುವಿನಲ್ಲಿ ‘ಈರ್’ (ನೀವು), ಕಾಲನಿಯವರಿಗೆ ‘ಈ’ (ನೀನು) ಎನ್ನುವ ಅಭ್ಯಾಸ ನಿಮ್ಮ ಸಿಬ್ಬಂದಿಗಿದ್ದರೆ ಅದಕ್ಕೆ ತರಬೇತಿ ಶಿಬಿರ ಬೇಡ. ಪಿಡಿಒ (ಪಂಚಾಯತ್ ಅಭಿವೃದ್ಧಿ ಅಧಿಕಾರಿ) ಎಲ್ಲರೆದುರು ಒಂದು ಸಲ ತಿದ್ದಿದರೆ ಸಾಕಾಗುತ್ತದೆ.

ಈಗ ವೇಷ ಮತ್ತು ಡೋಲು. ಕೊರಗರು ಕೇಂದ್ರ ಸರಕಾರ ಗುರುತಿಸಿದ ವಿಶೇಷ ದುರ್ಬಲ ಬುಡಕಟ್ಟು. ಕರ್ನಾಟಕದಲ್ಲಿ ಅವರನ್ನು ಬಿಟ್ಟರೆ ಆ ಪಟ್ಟಿಯಲ್ಲಿರುವುದು ಜೇನುಕುರುಬರು ಮಾತ್ರ. 2011ರ ಜನಗಣತಿಯಲ್ಲಿ ರಾಜ್ಯದ ಕೊರಗರು 15 ಸಾವಿರಕ್ಕಿಂತ ಕಡಿಮೆ. ಇಷ್ಟು ಸಣ್ಣ ಸಮುದಾಯಕ್ಕೆಂದೇ ರಾಜ್ಯ 2000ದಲ್ಲಿ ಅಜಲು ಪದ್ಧತಿ ನಿಷೇಧ ಕಾಯ್ದೆ ಮಾಡಿದೆ. ಕೊರಗರೆಂಬ ಕಾರಣಕ್ಕೆ ಸಂಬಳ ಕೊಡದೆ ಅಥವಾ ಕಡಿಮೆ ಕೊಟ್ಟು ದುಡಿಸುವುದು, ಕೂದಲು, ಉಗುರು ಮುಂತಾದ ತಿನ್ನಬಾರದ್ದನ್ನು ಬೆರೆಸಿದ ಅನ್ನ ತಿನ್ನಿಸುವುದು, ಕಂಬಳಕ್ಕೆ ಮೊದಲು ಕೋಣಗಳಂತೆ ಓಡಿಸುವುದು ಅಜಲು ಎಂದು ಕಾಯ್ದೆಯೇ ಬಿಡಿಸಿ ಹೇಳುತ್ತದೆ. ಇಂದು ಮೂರನೆಯದಕ್ಕಿಂತ ಹೆಚ್ಚಾಗಿ ಕಣ್ಣಿಗೆ ಬೀಳುವುದು ಮೊದಲನೆಯದು: ಕಾರ್ಯಕ್ರಮಕ್ಕೆ ಡೋಲು ಬಡಿಯಲು ಕರೆಸಿ, ಕೈಗೊಂದಿಷ್ಟು ಚಿಲ್ಲರೆ, ಒಂದು ಬಾಟ್ಲಿ ಕೊಟ್ಟು, ಉಳಿದ ಊಟ ಹೊರಗೆ ಬಡಿಸಿ ಕಳಿಸುವುದು. ‘ಅವರೇ ಖುಷಿಯಿಂದ ಬರುತ್ತಾರೆ’ ಎಂಬುದು ಕಾನೂನಿನ ಮುಂದೆ ಉತ್ತರವಾಗುವುದಿಲ್ಲ.

ಹಾಗೆಂದು ಡೋಲನ್ನೇ ನಿಲ್ಲಿಸಲು ಹೊರಟರೆ ಕೆಟ್ಟೀತು. ಡೋಲು ಅವರದ್ದೇ ಕಲೆ. ಕೊರಗ ಸಂಘಟನೆಗಳು ಆಗಸ್ಟ್ 18ರಂದು ಭೂಮಿ ಹಬ್ಬ ಆಚರಿಸುವಾಗ ಅವರೇ ಹೆಮ್ಮೆಯಿಂದ ಬಾರಿಸುತ್ತಾರೆ. ವ್ಯತ್ಯಾಸ ಇರುವುದು ಕರೆಯುವ ರೀತಿಯಲ್ಲಿ. ಬೇರೆ ಕಲಾತಂಡಗಳಿಗೆ ಕೊಡುವಂತೆ ಮೊದಲೇ ಮಾತಾಡಿದ ಸಂಭಾವನೆ, ಎಲ್ಲರ ಪಂಕ್ತಿಯಲ್ಲೇ ಊಟ, ವೇದಿಕೆಯಲ್ಲಿ ಹೆಸರು ಇದ್ದರೆ ಅದು ಅಜಲು ಅಲ್ಲ. ಕಾಲನಿಯವರನ್ನು ಕೂರಿಸಿಕೊಂಡು ‘ನಿಮಗೆ ಯಾವುದು ಬೇಡ’ ಎಂದು ಕೇಳಿ, ಅವರು ಹೇಳಿದ್ದನ್ನೇ ಸಮಿತಿಯ ನಡಾವಳಿಯಲ್ಲಿ ಬರೆಯಿರಿ.

ವೇಷಕ್ಕೆ ಬಂದರೆ, ನವರಾತ್ರಿಗೆ ಕನಿಷ್ಠ ಮೂರು ವಾರ ಮೊದಲು ಕೆಲಸ ಶುರುವಾಗಬೇಕು. ಹಬ್ಬದ ದಿನ ತಡೆಯಲು ಹೋದರೆ ಗಲಾಟೆ ಖಂಡಿತ. ಶಾರದೋತ್ಸವ ಸಮಿತಿ, ಯುವಕ ಮಂಡಲ, ಯಕ್ಷಗಾನ ಸಂಘ, ವೇಷಭೂಷಣ ಬಾಡಿಗೆಗೆ ಕೊಡುವವರು, ಇಷ್ಟು ಜನರಿಗೆ ಲಿಖಿತ ಸೂಚನೆ ಹೋಗಲಿ. ಪರಿಶಿಷ್ಟ ಸಮುದಾಯವನ್ನು ಸಾರ್ವಜನಿಕವಾಗಿ ಅವಮಾನಿಸುವ ವೇಷ ದೌರ್ಜನ್ಯ ತಡೆ ಕಾಯ್ದೆಯ ಕೇಸಿಗೆ ದಾರಿಯಾಗಬಹುದೆಂದು ಅದರಲ್ಲಿರಲಿ. 2022ರ ಜನವರಿಯಲ್ಲಿ ವಿಟ್ಲ ಸಮೀಪ ಮದುಮಗನೊಬ್ಬ ಕೊರಗಜ್ಜ ದೈವದ ವೇಷ ಹಾಕಿದ ವಿಡಿಯೋ ಹರಡಿ ಕೇಸಾದದ್ದು ಎಲ್ಲರಿಗೂ ನೆನಪಿದೆ. ಅದರಲ್ಲಿ ಹೆಚ್ಚಿನವರಿಗೆ ನೋವಾದದ್ದು ದೈವಕ್ಕೆ ಅಪಮಾನವಾಯಿತೆಂದು. ಕೊರಗ ಮನುಷ್ಯನ ಮೈಬಣ್ಣವನ್ನು ಹಾಸ್ಯ ಮಾಡಿದರೆ ಅಷ್ಟೇ ನೋವಾಗುತ್ತದೆಯೇ ಎಂದು ಸಭೆಯಲ್ಲಿ ಕೇಳಿ ನೋಡಿ. ಕೊರಗ ತನಿಯನಿಗೆ (ಅವನೇ ಕೊರಗಜ್ಜ) ಹರಕೆ ಹೊತ್ತು, ಅವನ ಕುಲದವರಿಗೆ ಅಂಗಳದಾಚೆ ಎಲೆ ಹಾಕುವವರ ಊರು ನಮ್ಮದು.

ಶರತ್ತು ಹಾಕುವಾಗ ಒಂದು ಎಚ್ಚರ ಬೇಕು. ಪಂಚಾಯತ್‌ನದ್ದೇ ಸ್ವತ್ತಾದರೆ, ಅಂದರೆ ಸಮುದಾಯ ಭವನ, ಮೈದಾನ, ಅಂಗಡಿ ಕೋಣೆ, ಕಸ ಸಾಗಾಟದ ಗುತ್ತಿಗೆಯಲ್ಲಿ, ಬಾಡಿಗೆ ಪತ್ರಕ್ಕೇ ‘ಜಾತಿ, ಜನಾಂಗ, ಬಣ್ಣ, ಭಾಷೆ, ಊರಿನ ಕಾರಣಕ್ಕೆ ಯಾರಿಗೂ ಸೇವೆ ನಿರಾಕರಿಸಕೂಡದು, ತಪ್ಪಿದರೆ ಕರಾರು ರದ್ದು’ ಎಂಬ ಕಲಮು ಸೇರಿಸಬಹುದು. ಇದು ಗಟ್ಟಿ ನೆಲ. ಖಾಸಗಿ ಹೋಟೆಲು, ಸೆಲೂನಿಗೆ ಕೊಡುವ ಪರವಾನಗಿಯಲ್ಲಿ ನಿಮ್ಮಷ್ಟಕ್ಕೇ ಹೊಸ ಶಿಕ್ಷೆ ಬರೆದರೆ ಮೇಲ್ಮನವಿಯಲ್ಲಿ ಬಿದ್ದುಹೋಗುತ್ತದೆ. ಅಲ್ಲಿ ಹಿಡಿಯಬೇಕಾದ್ದು 1955ರ ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆಯನ್ನು: ಅಸ್ಪೃಶ್ಯತೆಯ ಕಾರಣಕ್ಕೆ ಸರಕು, ಸೇವೆ ನಿರಾಕರಿಸಿ ಶಿಕ್ಷೆಯಾದವರ ಪರವಾನಗಿಯನ್ನು ರದ್ದುಪಡಿಸುವ ಅಥವಾ ಅಮಾನತಿನಲ್ಲಿಡುವ ಅಧಿಕಾರವನ್ನು ಅದರ 8ನೇ ಕಲಮು ನ್ಯಾಯಾಲಯಕ್ಕೆ ಕೊಟ್ಟಿದೆ. ಅದನ್ನು ಪರವಾನಗಿ ಪತ್ರದ ಕೆಳಗೆ ಮುದ್ರಿಸಿದರೆ ಯಾರೂ ಪ್ರಶ್ನಿಸಲಾರರು.

ಬಾಡಿಗೆ ಮನೆಯ ವಿಷಯದಲ್ಲಿ ನಿಮ್ಮ ಕೈ ಕಟ್ಟಿದೆ ಎಂಬುದನ್ನು ನೇರವಾಗಿ ಹೇಳಬೇಕು. ಬಣ್ಣ ನೋಡಿ ಮನೆ ನಿರಾಕರಿಸುವ ಖಾಸಗಿ ಮಾಲಕರನ್ನು ಶಿಕ್ಷಿಸುವ ಸಾಮಾನ್ಯ ಕಾನೂನು ನಮ್ಮ ದೇಶದಲ್ಲಿಲ್ಲ. 2014ರಲ್ಲಿ ದಿಲ್ಲಿಯಲ್ಲಿ ಅರುಣಾಚಲದ ವಿದ್ಯಾರ್ಥಿ ನಿಡೋ ತಾನಿಯಾ ಹಲ್ಲೆಗೊಳಗಾಗಿ ಸತ್ತ ಮೇಲೆ ಬೆಜ್‌ಬರುವಾ ಸಮಿತಿ ಜನಾಂಗೀಯ ನಿಂದನೆಗೆ ಪ್ರತ್ಯೇಕ ಕಲಮು ಬೇಕೆಂದು ಶಿಫಾರಸು ಮಾಡಿತು, ಅದು ಕಾನೂನಾಗಲಿಲ್ಲ. ಆದರೆ ಮಾಲಕರ ಹಿಂಜರಿಕೆಯಲ್ಲಿ ಅರ್ಧ ಪೂರ್ವಗ್ರಹವಾದರೆ ಇನ್ನರ್ಧ ಕಾಗದಪತ್ರದ ಹೆದರಿಕೆ. ವಿದೇಶಿಯರನ್ನು ಇರಿಸಿಕೊಂಡವರು 24 ಗಂಟೆಯೊಳಗೆ ನಿಗದಿತ ಫಾರ್ಮನ್ನು (ಹಿಂದೆ ‘ಫಾರ್ಮ್ ಸಿ’ ಎನ್ನುತ್ತಿದ್ದದ್ದು) ಆನ್‌ಲೈನ್‌ನಲ್ಲಿ ಸಲ್ಲಿಸಬೇಕು. ‘ಠಾಣೆಗೆ ಅಲೆಯುವವರಾರು’ ಎಂದು ಮನೆಯನ್ನೇ ಕೊಡುವುದಿಲ್ಲ. ಪಂಚಾಯತ್‌ನ ಅರಿವು ಕೇಂದ್ರದಲ್ಲಿ (ಗ್ರಂಥಾಲಯದಲ್ಲಿ) ಆ ಫಾರ್ಮ್ ತುಂಬಿಸಿಕೊಡುವ ಏರ್ಪಾಡು ಮಾಡಿ. ಬೇಕಾಗುವುದು ಪಾಸ್‌ಪೋರ್ಟ್, ವೀಸಾ, ಫೋಟೋ, ಕಾಲೇಜಿನ ಪತ್ರ, ಮನೆಯ ವಿಳಾಸ. ಮನೆ ಕೊಡಲು ಒಪ್ಪುವ ಮಾಲಕರ ಪಟ್ಟಿಯೊಂದನ್ನು ಕಾಲೇಜಿನ ವಿದ್ಯಾರ್ಥಿ ವಿಭಾಗಕ್ಕೆ ಕೊಡಿ. ಐದಾರು ಮನೆಗಳಿಂದ ಶುರುವಾದರೂ ಸಾಕು. ಬಾಡಿಗೆ ಸರಿಯಾಗಿ ಬರುತ್ತದೆಂದು ಪಕ್ಕದ ಮನೆಯವರಿಗೆ ತಿಳಿಯಲು ಹೆಚ್ಚು ಕಾಲ ಬೇಡ.

ಗುರುತುಪತ್ರ ಸಂಗ್ರಹದಲ್ಲಿ ಪಂಚಾಯತ್‌ಗಳೇ ತಪ್ಪುತ್ತವೆ. ಎಲ್ಲಾದರೂ ಕಳ್ಳತನವಾದ ಕೂಡಲೇ ‘ಹೊರಗಿನ ಕಾರ್ಮಿಕರ’ ಆಧಾರ್ ಮಾತ್ರ ಕೇಳುವ ಸುತ್ತೋಲೆ ಹೊರಡುತ್ತದೆ. ಬಾಡಿಗೆದಾರರ ಮಾಹಿತಿ ಬೇಕಾದರೆ ಎಲ್ಲ ಬಾಡಿಗೆದಾರರಿಂದ ಕೇಳಿ, ಪುತ್ತೂರಿನಿಂದ ಬಂದ ಬ್ಯಾಂಕ್ ನೌಕರನನ್ನೂ ಸೇರಿಸಿ. ಭಾಷೆ, ಚಹರೆ ನೋಡಿ ಆಯ್ದು ಕೇಳಿದರೆ, ಇವರ ಮೇಲೆ ಸಂಶಯಪಡಲು ಪಂಚಾಯತ್ ಒಪ್ಪಿಗೆ ಕೊಟ್ಟಿದೆ ಎಂದು ಊರು ತಿಳಿದುಕೊಳ್ಳುತ್ತದೆ.

ಅದರ ಕೊನೆ ಎಲ್ಲಿ ಎಂಬುದು ಉಡುಪಿ ಜಿಲ್ಲೆಗೆ ಗೊತ್ತಿಲ್ಲದ್ದಲ್ಲ. 2025ರ ಮಾರ್ಚ್‌ನಲ್ಲಿ ಮಲ್ಪೆ ಬಂದರಿನಲ್ಲಿ ಮೀನು ಕದ್ದ ಆರೋಪದಲ್ಲಿ, ದುಡಿಯಲು ಬಂದಿದ್ದ ಪರಿಶಿಷ್ಟ ಜಾತಿಯ ಮಹಿಳೆಯನ್ನು ಮರಕ್ಕೆ ಕಟ್ಟಿ ಹೊಡೆದರು. ನಿಮ್ಮೂರಿನ ಮೊಬೈಲ್ ಪ್ರಕರಣ ಅದೇ ದಾರಿಯಲ್ಲಿ ಮೊದಲ ಹೆಜ್ಜೆ. ಭಾರತೀಯ ನ್ಯಾಯ ಸಂಹಿತೆಯ 103(2) ಮತ್ತು 117(4)ನೇ ಕಲಮುಗಳು ಇದಕ್ಕೆಂದೇ ಇವೆ: ಐವರು ಅಥವಾ ಹೆಚ್ಚು ಜನ ಸೇರಿ ಜನಾಂಗ, ಜಾತಿ, ಹುಟ್ಟಿದ ಸ್ಥಳ, ಭಾಷೆಯಂಥ ಕಾರಣಕ್ಕೆ ಕೊಂದರೆ ಗುಂಪಿನ ಪ್ರತಿಯೊಬ್ಬರಿಗೂ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ, ತೀವ್ರ ಗಾಯ ಮಾಡಿದರೆ 7 ವರ್ಷದ ತನಕ ಶಿಕ್ಷೆ. ‘ನಾನು ಹೊಡೆಯಲಿಲ್ಲ, ನಿಂತಿದ್ದೆ ಅಷ್ಟೆ’ ಎಂಬವರಿಗೆ ಇದು ಮೊದಲೇ ತಿಳಿದಿರಬೇಕು. ಬೋಟು ಮಾಲಕರ ಸಂಘ, ಮೀನುಗಾರ ಮಹಿಳೆಯರ ಸಂಘ, ಕಟ್ಟಡದ ಮೇಸ್ತ್ರಿಗಳು, ರಿಕ್ಷಾ ಸ್ಟ್ಯಾಂಡಿನವರನ್ನು ಒಂದು ಸಂಜೆ ಠಾಣಾಧಿಕಾರಿಯೊಡನೆ ಕೂರಿಸಿ. ಸಂಶಯ ಬಂದರೆ ಮಾಡಬೇಕಾದ್ದು ಒಂದೇ: 112ಕ್ಕೆ ಕರೆ, ಪೊಲೀಸರು ಬರುವ ತನಕ ಮೈಮುಟ್ಟದೆ, ವಿಡಿಯೋ ಹರಡದೆ ಇರುವುದು. ಫಲಕವನ್ನು ಕನ್ನಡದ ಜತೆಗೆ ಹಿಂದಿ, ಒಡಿಯಾದಲ್ಲೂ ಬರೆಸಿ, ಏಕೆಂದರೆ ಸಹಾಯಕ್ಕೆ ಕರೆಯಬೇಕಾದವನೂ ಅದನ್ನು ಓದಬೇಕು.

ಬೈಗುಳ, ಗೇಲಿಯ ದೂರುಗಳಿಗೆ ಒಂದು ದಪ್ಪ ಪುಸ್ತಕ ಬೇಕು, ಪುಟಗಳಿಗೆ ನಂಬರ್ ಹಾಕಿದ್ದು. ದಿನಾಂಕ, ಗಂಟೆ, ಜಾಗ, ಆಡಿದ ಮಾತು ಇದ್ದ ಹಾಗೆ (ತುಳುವಾದರೆ ತುಳುವಿನಲ್ಲೇ), ಕೇಳಿಸಿಕೊಂಡವರು, ದೂರುದಾರರಿಗೆ ಬೇಕಾದ್ದೇನು, ಪಂಚಾಯತ್ ಮಾಡಿದ್ದೇನು, ಯಾವ ದಿನ. ಬ್ರಿಟನ್‌ನಲ್ಲಿ ಕಪ್ಪು ಜನಾಂಗದ ಯುವಕ ಸ್ಟೀಫನ್ ಲಾರೆನ್ಸ್ ಕೊಲೆ ಪ್ರಕರಣದ ವಿಚಾರಣಾ ವರದಿ 1999ರಲ್ಲಿ ಒಂದು ನಿಯಮ ಹಾಕಿಕೊಟ್ಟಿತು: ನೊಂದವರೋ ಬೇರೆ ಯಾರೋ ಇದು ಜನಾಂಗೀಯವೆಂದು ಭಾವಿಸಿದರೆ ಹಾಗೆಯೇ ದಾಖಲಿಸಬೇಕು, ಹೌದೋ ಅಲ್ಲವೋ ಎಂಬುದು ಆಮೇಲಿನ ಮಾತು. ದಾಖಲಿಸುವ ಗುಮಾಸ್ತ ನ್ಯಾಯಾಧೀಶನಾಗದಂತೆ ತಡೆಯುವ ಈ ನಿಯಮವನ್ನು ನೀವೂ ಇಟ್ಟುಕೊಳ್ಳಿ. ಕೇಳಿಸಿಕೊಂಡವರ ಹೆಸರು ಬಹಳ ಮುಖ್ಯ. ದೌರ್ಜನ್ಯ ತಡೆ ಕಾಯ್ದೆಯ ನಿಂದನೆಯ ಕಲಮುಗಳಿಗೆ ಮಾತು ಸಾರ್ವಜನಿಕರ ಎದುರು ಆಡಿದ್ದಾಗಿರಬೇಕು. ಮನೆಯ ನಾಲ್ಕು ಗೋಡೆಯೊಳಗೆ, ಹೊರಗಿನವರಿಲ್ಲದಾಗ ಆಡಿದ್ದು ಈ ಕಲಮಿಗೆ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಎಷ್ಟೋ ಕೇಸು ಬೀಳುವುದು ಇಲ್ಲೇ. ಪುಸ್ತಕ ನಿಮ್ಮ ಅಥವಾ ಪಿಡಿಒ ಬೀಗದಲ್ಲಿರಲಿ. ಸಭೆಗೆ ಸಂಖ್ಯೆ ಮತ್ತು ಜಾಗ ಮಾತ್ರ ಹೋಗಲಿ. ದೂರುದಾರರ ಹೆಸರು ಒಮ್ಮೆ ಹೊರಬಿದ್ದರೆ ಎರಡನೆಯ ದೂರು ಬರುವುದಿಲ್ಲ.

ನೊಂದವರು ಪರಿಶಿಷ್ಟ ಜಾತಿ, ಪಂಗಡದವರಾದರೆ ದೂರು ಲಿಖಿತವಾಗಿ ಠಾಣೆಗೆ ಹೋಗಬೇಕು. ದೌರ್ಜನ್ಯ ತಡೆ ಕಾಯ್ದೆಯ 2018ರ ತಿದ್ದುಪಡಿಯ ಬಳಿಕ ಎಫ್‌ಐಆರ್‌ಗೆ ಮೊದಲು ಪ್ರಾಥಮಿಕ ವಿಚಾರಣೆ ಬೇಕಿಲ್ಲ. ತನಿಖೆ ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರದ್ದಾಗಬಾರದು, 60 ದಿನಗಳಲ್ಲಿ ಮುಗಿಯಬೇಕು. ಪರಿಹಾರ ಅಪರಾಧಕ್ಕೆ ತಕ್ಕಂತೆ 85 ಸಾವಿರದಿಂದ 8.25 ಲಕ್ಷ ರೂಪಾಯಿ, ಕಂತುಗಳಲ್ಲಿ. ತಕ್ಷಣದ ನೆರವು 7 ದಿನದೊಳಗೆ ಎಂದು ನಿಯಮವಿದೆ. ಠಾಣೆ ಮೀನಮೇಷ ಎಣಿಸಿದರೆ ರಾಷ್ಟ್ರೀಯ ಸಹಾಯವಾಣಿ 14566, ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯದ ಮಂಗಳೂರು ಘಟಕ ಇವೆ. ಮಣಿಪುರ, ನಾಗಾಲ್ಯಾಂಡಿನ ಬುಡಕಟ್ಟಿನವರು ಬಂದಾಗ ‘ಇಲ್ಲಿನ ಪಟ್ಟಿಯಲ್ಲಿ ಇವರಿಲ್ಲ’ ಎನ್ನುವ ಠಾಣೆಗಳಿವೆ. ಈ ಕಾಯ್ದೆಯ ರಕ್ಷಣೆ ದೇಶದ ಯಾವ ಭಾಗದಲ್ಲಿದ್ದರೂ ಸಿಗುತ್ತದೆಂದು ಬಾಂಬೆ ಹೈಕೋರ್ಟಿನ ಪೂರ್ಣಪೀಠ 2023ರಲ್ಲಿ ಹೇಳಿದ್ದನ್ನು ದೂರಿನಲ್ಲೇ ಬರೆಯಿರಿ. ಆಫ್ರಿಕಾದ ವಿದ್ಯಾರ್ಥಿಗೆ ಈ ಕಾಯ್ದೆ ಬರುವುದಿಲ್ಲ. ಅಲ್ಲಿ ನ್ಯಾಯ ಸಂಹಿತೆಯ ಅವಮಾನ, ಬೆದರಿಕೆಯ 352, 351ನೇ ಕಲಮುಗಳೇ ಗತಿ.

ಇಷ್ಟೆಲ್ಲ ಇದ್ದೂ ಹಾಳಾಗುವುದು ‘ಊರಿನವರೇ ಅಲ್ವಾ, ಮಾತಾಡಿ ಮುಗಿಸುವ’ ಎಂಬಲ್ಲಿ. ಬೈದವನ ಮನೆಯವರು, ದೇವಸ್ಥಾನದ ಮೊಕ್ತೇಸರರು, ಪಕ್ಷದವರು ಸೇರಿ ಪಂಚಾಯತ್ ಕಚೇರಿಯಲ್ಲೇ ರಾಜಿ ಮಾಡಿಸುತ್ತಾರೆ. ನೊಂದವನು ನಾಳೆ ಅವರ ತೋಟಕ್ಕೇ ಕೆಲಸಕ್ಕೆ ಹೋಗಬೇಕಾದವನು, ತಲೆಯಾಡಿಸುತ್ತಾನೆ. ಕಚೇರಿಯಲ್ಲಿ ಇಂಥ ರಾಜಿಗೆ ಕುರ್ಚಿ ಹಾಕಬೇಡಿ. ನೀರು, ದಾರಿ, ಬಾಡಿಗೆಯಂಥವನ್ನು ಮಾತಿನಲ್ಲಿ ಬಗೆಹರಿಸಬಹುದು. ಹಲ್ಲೆ, ಜಾತಿ ನಿಂದನೆ, ಬಹಿಷ್ಕಾರವನ್ನಲ್ಲ. ಕರ್ತವ್ಯ ಬೇಕೆಂದೇ ಕಡೆಗಣಿಸುವ ಸರಕಾರಿ ನೌಕರರಿಗೆ ದೌರ್ಜನ್ಯ ತಡೆ ಕಾಯ್ದೆಯ 4ನೇ ಕಲಮು ಶಿಕ್ಷೆ ಹೇಳಿದೆ ಎಂದು ನಿಮ್ಮ ಪಿಡಿಒಗೆ ನೆನಪಿಸಿದರೆ ಅವರಿಗೂ ಒತ್ತಡ ತಳ್ಳಿಹಾಕಲು ಒಂದು ನೆಪ ಸಿಗುತ್ತದೆ.

ಹಣದ ಬಗ್ಗೆ ಚುಟುಕಾಗಿ. ಸ್ವಂತ ನಿಧಿಯ ಶೇ. 25 ಪರಿಶಿಷ್ಟರಿಗೆ ಮೀಸಲು. ಆ ಹಣದಲ್ಲಿ ಕಾಲನಿಯ ಬಾಯಿಯ ತನಕ ರಸ್ತೆ ಮಾಡಿ, ಮುಂದೆ ಬೇರೆಯವರ ತೋಟಕ್ಕೆ ತಿರುಗಿಸುವ ಚಾಳಿ ಹಳೆಯದು. ಕಾಮಗಾರಿಯ ಪಟ್ಟಿಯನ್ನು ಕಾಲನಿಯಲ್ಲೇ, ಕೂಲಿಯಿಂದ ಮರಳುವ ಹೊತ್ತಿಗೆ ವಾರ್ಡ್ ಸಭೆ ನಡೆಸಿ ತೀರ್ಮಾನಿಸಿ. ಹಗಲು ಹನ್ನೊಂದಕ್ಕೆ ಶಾಲೆಯ ಸಭಾಂಗಣದಲ್ಲಿ ಕರೆದರೆ ಅವರು ಬರುವುದಿಲ್ಲ, ಬಂದರೂ ಹಿಂದಿನ ಬೆಂಚಿನಲ್ಲಿ ಕೂತು ಎದ್ದು ಹೋಗುತ್ತಾರೆ. ಮನೆ, ಭೂಮಿ, ಆರೋಗ್ಯದಂಥ ದೊಡ್ಡ ಬೇಡಿಕೆಗಳು ನಿಮ್ಮ ನಿಧಿಗೆ ನಿಲುಕವು. ಅವು ಸಮಗ್ರ ಗಿರಿಜನ ಅಭಿವೃದ್ಧಿ ಯೋಜನೆಯ ಕಚೇರಿಗೆ, 2023ರ ನವೆಂಬರಿನಲ್ಲಿ ಶುರುವಾದ ಪಿಎಂ ಜನಮನ್ ಯೋಜನೆಯಡಿ ಹೋಗಬೇಕು.

ದೌರ್ಜನ್ಯ ತಡೆ ಕಾಯ್ದೆಯಡಿ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ನಿಮ್ಮ ಪತ್ರ ಆ ಸಭೆಗೆ ಹದಿನೈದು ದಿನ ಮೊದಲೇ ತಲುಪಲಿ. ಜತೆಗೆ ಲಗತ್ತಿಸಬೇಕಾದ್ದು ವಾರ್ಡ್‌ವಾರು ಹಾಳೆ, ಕಾಲನಿಯ ಹೆಂಗಸರು ಗುರುತು ಹಾಕಿದ ಕ್ಯಾಲೆಂಡರಿನ ಪ್ರತಿ, ಹೆಸರಿಲ್ಲದ ದೂರುಗಳ ಸಾರಾಂಶ, ಸಾಮಾಜಿಕ ನ್ಯಾಯ ಸಮಿತಿಯ ನಡಾವಳಿಯ ದೃಢೀಕೃತ ನಕಲು. ಟಪಾಲಿನಲ್ಲಿ ಕಳಿಸುವುದಕ್ಕಿಂತ ಜಿಲ್ಲಾಧಿಕಾರಿ ಕಚೇರಿಯಿರುವ ಮಣಿಪಾಲದ ರಜತಾದ್ರಿಗೆ ನೀವೇ ಹೋಗಿ ಕೊಟ್ಟು, ಎರಡನೆಯ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ.